ನಿಮ್ಮ ಒಣ ಕಸ ಯಾರ ಕೈಗೆ ಹೋಗುತ್ತದೆ?

ಕೇಳುಗರಿಗೆ ನಮಸ್ಕಾರ. ಕಸ ಬೇರೆ ಮಾಡುವುದು ಹೇಗೆ ಅಂತ ತಿಳಿಸಿ ಎಂದು ನನ್ನನ್ನು ಕರೆದಿದ್ದಾರೆ. ಅದು ನಿಮಗೆ ಗೊತ್ತು. ಹಸಿ ಕಸ, ಒಣ ಕಸ ಅಂತ ಕೇಳಿ ಕೇಳಿ ಬೆಂಗಳೂರಿನವರಿಗೆ ಬಾಯಿಪಾಠ ಆಗಿದೆ. ನಾನು ಕಾರ್ಮಿಕರ ಆರೋಗ್ಯ ನೋಡುವ ಡಾಕ್ಟರು, ನನ್ನದು ಒಂದೇ ಪ್ರಶ್ನೆ. ನೀವು ಕೊಟ್ಟ ಒಣ ಕಸ ಕೊನೆಗೆ ಯಾರ ಕೈಗೆ ಹೋಗುತ್ತದೆ?

"ರಿಸೈಕಲ್ ಆಗುತ್ತೆ ಬಿಡಿ ಡಾಕ್ಟ್ರೇ" ಅನ್ನುತ್ತಾರೆ. ತಾನಾಗೇ ಆಗಲ್ಲ ಸ್ವಾಮಿ. ಯಾರೋ ಕೂತು ಮಾಡಬೇಕು.

ಮೈಸೂರು ರಸ್ತೆಯ ನಾಯಂಡಹಳ್ಳಿ ಕಡೆ ಪ್ಲಾಸ್ಟಿಕ್ ವಿಂಗಡಿಸುವ ಶೆಡ್ಡುಗಳಿವೆ. ಅಂಥದ್ದೊಂದಕ್ಕೆ ಹೋಗಿದ್ದೆ. ತಗಡಿನ ಸೂರು, ಒಂದೇ ಫ್ಯಾನು, ಅದನ್ನೂ ಆರಿಸಿದ್ದರು, ಯಾಕೆಂದರೆ ಹಾಕಿದರೆ ತೆಳು ಕವರುಗಳೆಲ್ಲ ಹಾರಾಡುತ್ತವಂತೆ. ಒಬ್ಬ ಹೆಂಗಸು ನೆಲದ ಮೇಲೆ ಕೂತು, ಒಂದೊಂದೇ ಚೂರು ಎತ್ತಿ ಕಲ್ಲಿಗೆ ಕುಟ್ಟಿ, ಸದ್ದು ಕೇಳಿ, ಇದು ಈ ರಾಶಿ, ಅದು ಆ ರಾಶಿ ಅಂತ ಎಸೆಯುತ್ತಿದ್ದರು. ಸದ್ದಿನಲ್ಲಿ ಗೊತ್ತಾಗದಿದ್ದರೆ ತುದಿಗೆ ಲೈಟರ್ ಹಿಡಿದು ಹೊಗೆ ಮೂಸುವುದು. ಮೇಣದಬತ್ತಿ ಆರಿಸಿದ ವಾಸನೆ ಬಂದರೆ ಪಾಲಿಥೀನ್. ಕಣ್ಣು, ಗಂಟಲು ಉರಿಯುವಂಥ ಘಾಟು ಬಂದರೆ ಪಿವಿಸಿ. ಆ ಘಾಟು ಅಂದರೆ ಹೈಡ್ರೋಕ್ಲೋರಿಕ್ ಆಸಿಡ್ಡಿನ ಹೊಗೆ, ಸುಮ್ನೆ ಅಲ್ಲ. ಲ್ಯಾಬಿನಲ್ಲಿ ಮೆಷಿನ್ ಇಟ್ಟು ಕಂಡುಹಿಡಿಯುವುದನ್ನು ಇವರು ಮೂಗಿನಲ್ಲೇ ಮಾಡಿ ಮುಗಿಸುತ್ತಾರೆ, ಅದೂ ನಾವು ಒಂದು ಮಾತಾಡುವಷ್ಟರಲ್ಲಿ!

ನಾನು ಡಾಕ್ಟರಲ್ವಾ, ಬುದ್ಧಿ ಹೇಳದೆ ಇರಕ್ಕಾಗುತ್ತಾ? "ಮಾಸ್ಕ್ ಹಾಕ್ಕೊಳ್ಳಮ್ಮ" ಅಂದೆ. ಅವರು ನಕ್ಕರು. "ಮಾಸ್ಕ್ ಹಾಕ್ಕೊಂಡ್ರೆ ವಾಸ್ನೆ ಹೆಂಗೆ ಗೊತ್ತಾಗುತ್ತೆ ಸಾರ್? ರಾಶಿ ತಪ್ಪಿದ್ರೆ ಕೂಲಿ ಹಿಡೀತಾರೆ." ಕೆಮ್ಮು ಯಾವಾಗಿನಿಂದ ಅಂತ ಕೇಳಿದೆ. "ಅದು ಇದ್ದಿದ್ದೇ" ಅಂದರು. ಅಷ್ಟರಲ್ಲಿ ಯಾರದೋ ಮನೆಯ ಒಣ ಕಸದ ಚೀಲದಿಂದ ಮಗುವಿನ ಡಯಾಪರ್ ಉರುಳಿತು. ಬರಿಗೈಲೇ ತೆಗೆದು ಪಕ್ಕಕ್ಕಿಟ್ಟು ಮತ್ತೆ ಕುಟ್ಟಲು ಶುರು ಮಾಡಿದರು. ಕಸ ಆಯುವವರಿಗೆ ಬಿಬಿಎಂಪಿ 2011ರಲ್ಲೇ ಗುರುತಿನ ಚೀಟಿ ಕೊಡಲು ಶುರು ಮಾಡಿತು, ದೊಡ್ಡ ಕೆಲಸವೇ. ಆದರೆ ಚೀಟಿ ತೋರಿಸಿದರೆ ಕೆಮ್ಮು ನಿಲ್ಲಲ್ಲ.

ಹೊರದೇಶಗಳದ್ದೂ ಇದೇ ಕಥೆ, ದೂರ ಮಾತ್ರ ಜಾಸ್ತಿ. ಅಮೆರಿಕ, ಯುರೋಪಿನ ಮನೆಯವರು ಡಬ್ಬ ತೊಳೆದು ರಿಸೈಕಲ್ ತೊಟ್ಟಿಗೆ ಹಾಕಿ ನೆಮ್ಮದಿಯಾಗಿ ಮಲಗುತ್ತಾರೆ. ಅದರಲ್ಲಿ ಬೇಕಾದಷ್ಟು ಹಡಗು ಹತ್ತುತ್ತಿತ್ತು, ಚೀನಾಕ್ಕೆ. 2018ರಲ್ಲಿ ಚೀನಾ ಬಾಗಿಲು ಹಾಕಿತು. ಆಗ ಕಸ ನಿಂತಿತಾ? ಇಲ್ಲ, ಮಲೇಷ್ಯಾ, ವಿಯೆಟ್ನಾಂ, ಥಾಯ್ಲೆಂಡ್, ಟರ್ಕಿ ಕಡೆ ತಿರುಗಿತು. ಕೈ ಬದಲಾಯಿತು ಅಷ್ಟೇ. ನಮ್ಮ ದೇಶವೂ 2019ರಲ್ಲಿ ಪ್ಲಾಸ್ಟಿಕ್ ಕಸ ತರಿಸುವುದನ್ನು ನಿಷೇಧಿಸಿತು. ಆದರೆ ಹೊರಗಿನಿಂದ ಬರುವ ರದ್ದಿ ಕಾಗದದ ಮೂಟೆಯೊಳಗೆ ಪ್ಲಾಸ್ಟಿಕ್ಕೂ ಸೇರಿಕೊಂಡು ಬರುತ್ತದೆ. ಉತ್ತರ ಪ್ರದೇಶದ ಮುಜಫ್ಫರ್‌ನಗರದಲ್ಲಿ ಅಂಥ ಪ್ಲಾಸ್ಟಿಕ್ಕನ್ನು ಆಲೆಮನೆ ಒಲೆಗೆ ಹಾಕಿ ಬೆಲ್ಲ ಕಾಯಿಸಿದ್ದಾರೆ. ಬೆಲ್ಲ! ಒಲೆ ಮುಂದೆ ನಿಂತವನ ಗತಿ ಏನು, ಯೋಚನೆ ಮಾಡಿ.

ಹಳೇ ಫೋನು, ಕಂಪ್ಯೂಟರಿನ ಬಗ್ಗೆ ಜಾಸ್ತಿ ಹೇಳಬೇಕು ಅಂತಿದ್ದೆ, ಸಮಯ ಇಲ್ಲ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ಕಸ ಬಂತು. ಸರಿಯಾದ ವ್ಯವಸ್ಥೆಯಲ್ಲಿ ರಿಸೈಕಲ್ ಆಯಿತು ಅಂತ ಲೆಕ್ಕ ಸಿಕ್ಕಿದ್ದು ನೂರಕ್ಕೆ ಸುಮಾರು 22 ಪಾಲಿಗೆ. ಮಿಕ್ಕಿದ್ದು ಯಾರ ಕೈಗೆ ಹೋಯಿತು? ಘಾನಾದ ಅಗ್ಬೊಗ್ಬ್ಲೋಶಿಯಲ್ಲಿ ಹುಡುಗರು ತಾಮ್ರಕ್ಕಾಗಿ ವೈರು ಸುಟ್ಟಿದ್ದಾರೆ, ನಮ್ಮ ಮೊರಾದಾಬಾದಿನಲ್ಲಿ ಸರ್ಕ್ಯೂಟ್ ಬೋರ್ಡು ಸುಟ್ಟಿದ್ದಾರೆ.

ಹಾಗಾದರೆ ನಾವೇನು ಮಾಡೋಣ ಅಂತ ಕೇಳುತ್ತೀರಿ. ಡಯಾಪರ್, ಪ್ಯಾಡು, ಬ್ಲೇಡು ಪೇಪರಿನಲ್ಲಿ ಸುತ್ತಿ ಬೇರೆ ಕೊಡಿ, ಒಣ ಕಸಕ್ಕೆ ತುರುಕಬೇಡಿ. ನಿಮ್ಮ ಅಪಾರ್ಟ್‌ಮೆಂಟಿನ ಕಸ ಒಯ್ಯುವವರನ್ನು ನಿಲ್ಲಿಸಿ, ಇದು ಯಾವ ಶೆಡ್ಡಿಗೆ ಹೋಗುತ್ತದೆ, ಅಲ್ಲಿ ಕೂಲಿ ಎಷ್ಟು ಅಂತ ಕೇಳಿ. ಉತ್ತರ ಸಿಗದಿದ್ದರೆ ಮುಂದಿನ ವಾರವೂ ಕೇಳಿ. ಬ್ಯಾಟರಿಯ ಸೀಸದ ಕಥೆ ಹೇಳಲು ಇನ್ನೊಂದು ದಿನ ಬೇಕು, ಆಕಾಶವಾಣಿಯವರು ಕರೆದರೆ ಬರುತ್ತೇನೆ. ನಮಸ್ಕಾರ.