ಉಳಿದ ಹೊತ್ತಿನಲ್ಲಿ ಪಿಎಚ್‌ಡಿ ಆಗುವುದಿಲ್ಲ

ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುವ ನಮ್ಮಂಥವರ ಈ ಸಭೆಗೆ ಭಾನುವಾರ ಮನೆ ಬಿಟ್ಟು ಬಂದಿದ್ದೀರಿ, ಕೆಲವರು ಮಕ್ಕಳನ್ನೂ ಕರೆತಂದಿದ್ದೀರಿ. ಅವರು ಓಡಾಡಲಿ, ನನಗೇನೂ ತೊಂದರೆ ಇಲ್ಲ.

ನನಗಿಂತ ಮುಂಚೆ ಮಾತಾಡಿದ ಸರ್ ಬೆಳಗಿನ ನಾಲ್ಕಕ್ಕೆ ಎದ್ದು ಓದಿ ಎಂದರು. ಅವರ ಮೇಲೆ ನನಗೆ ತುಂಬ ಗೌರವ. ಆದರೆ ಈ ಮಾತು ನಾನು ಒಪ್ಪಲಾರೆ. ಇಲ್ಲಿ ಕೂತಿರುವ ಅರ್ಧಕ್ಕಿಂತ ಜಾಸ್ತಿ ಜನ ಹೆಣ್ಣುಮಕ್ಕಳು. ನಲ್ಲಿ ನೀರು, ಮಕ್ಕಳ ಡಬ್ಬಿ, ರೊಟ್ಟಿ ಅಂತ ಐದಕ್ಕೇ ಏಳುವವರು. ಅವರಿಗೆ ಇನ್ನೂ ಒಂದು ತಾಸು ಮುಂಚೆ ಏಳಿ ಅಂದರೆ, ನಿದ್ದೆ ಕೊಟ್ಟು ಪದವಿ ತಗೊಳ್ಳಿ ಅಂದ ಹಾಗಾಯಿತು. ಪಿಎಚ್‌ಡಿಗೆ ಬೇಕಾದ ಹೊತ್ತು ನಮ್ಮ ನಿದ್ದೆಯಿಂದ ಬರಬಾರದು. ಕಾಲೇಜು ಒಂದಿಷ್ಟು ಕೊಡಬೇಕು, ಮನೆ ಒಂದಿಷ್ಟು ಕೊಡಬೇಕು. ಕೊಡದಿದ್ದರೆ ಬಾಯಿಬಿಟ್ಟು ಕೇಳಬೇಕು. ನಾನು ಇವತ್ತು ಹೇಳಲು ಬಂದಿದ್ದು ಇಷ್ಟೇ.

ಮೊದಲು ಕಾಲೇಜಿನ ಮಾತು. ನೌಕರಿಯಲ್ಲಿದ್ದುಕೊಂಡು ಪಾರ್ಟ್‌ಟೈಮ್ ಪಿಎಚ್‌ಡಿಗೆ ಸೇರಬೇಕಾದರೆ ಎನ್‌ಒಸಿ, ಅಂದರೆ ಕೆಲಸ ಮಾಡುವ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು, ಅದು ನಿಮಗೆಲ್ಲ ಗೊತ್ತು. ಅದರಲ್ಲಿ ಏನು ಬರೆದಿರಬೇಕು ಅಂತ ಎಷ್ಟು ಜನ ಓದಿದ್ದೀರಿ? ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮ ನೋಡಿ. ಅಭ್ಯರ್ಥಿಗೆ ಪಾರ್ಟ್‌ಟೈಮ್ ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುವಂತೆ ಅವರ ಕೆಲಸ ಇದೆ, ಬೇಕಾದರೆ ಕೋರ್ಸ್‌ವರ್ಕ್, ಅಂದರೆ ಪಿಎಚ್‌ಡಿ ಶುರುವಿನ ಪಾಠಗಳನ್ನು ಮುಗಿಸಲು ಕೆಲಸದಿಂದ ಬಿಡುಗಡೆ ಮಾಡುತ್ತೇವೆ. ಈ ಮೂರು ಮಾತಿಗೂ ಸಂಸ್ಥೆ ಸಹಿ ಹಾಕಬೇಕು. ಅಂದರೆ ನಮ್ಮ ಪ್ರಾಂಶುಪಾಲರು ಬರವಣಿಗೆಯಲ್ಲಿ ಮಾತು ಕೊಟ್ಟಿದ್ದಾರೆ. ನಾವು ಮಾತ್ರ ಆ ಹಾಳೆಯನ್ನು ಫೈಲಿಗೆ ಹಾಕಿ ಮರೆತುಬಿಡುತ್ತೇವೆ. ಆಮೇಲೆ ಟೈಮ್‌ಟೇಬಲ್ ಕಮಿಟಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲು, ಪರೀಕ್ಷಾ ಕೆಲಸ ಯಾವುದು ಬಂದರೂ "ಆಯ್ತು ಸರ್" ಅನ್ನುತ್ತೇವೆ. ಎನ್‌ಒಸಿಯ ಒಂದು ಝೆರಾಕ್ಸ್ ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ಹೊಸ ಕೆಲಸ ಹೇಳಿದಾಗ ಜಗಳ ಬೇಡ, ಅದನ್ನು ತೆಗೆದು ಮೇಜಿನ ಮೇಲೆ ಇಡಿ. "ಸರ್, ವಾರದಲ್ಲಿ ಒಂದು ಮಧ್ಯಾಹ್ನ ನನಗೆ ಖಾಲಿ ಬೇಕು" ಅಂತ ದಿನ ಹೆಸರಿಸಿ ಕೇಳಿ. ಸುಮ್ನೆ "ಟೈಮ್ ಕೊಡಿ" ಅಂದರೆ ಯಾರೂ ಕೊಡುವುದಿಲ್ಲ. "ಗುರುವಾರ ಎರಡರ ಮೇಲೆ" ಅಂದರೆ ಕೊಡುತ್ತಾರೆ.

ಅತಿಥಿ ಉಪನ್ಯಾಸಕರು ಹಿಂದೆ ಕೂತಿದ್ದೀರಿ, ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ. ಇದು ನಿಮಗೆ ಇಷ್ಟು ಸಲೀಸಲ್ಲ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎನ್ನುವ ಚಿಂತೆಯ ಮೇಲೆ ಸಂಶೋಧನೆ ಮಾಡುತ್ತೀರಿ. ನಿಮ್ಮ ಪರವಾಗಿ ಕೇಳಬೇಕಾದವರು ಕಾಯಂ ಆಗಿರುವ ನಾವು. ಅದನ್ನು ಈ ಸಭೆಯಲ್ಲೇ ಹೇಳಿಬಿಡುತ್ತೇನೆ.

ಈಗ ಮನೆ. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ಬಿಸಿಲಿಗಾಗಿ ಸರ್ಕಾರವೇ ಗಡಿಯಾರ ಬದಲಿಸುತ್ತದೆ, ಯಾರೂ ತಪ್ಪು ಅನ್ನುವುದಿಲ್ಲ. ಮನೆಯಲ್ಲಿ ಒಬ್ಬರು ಪಿಎಚ್‌ಡಿ ಮಾಡುವಾಗ ಆ ಮನೆ ತನ್ನ ಹೊತ್ತು ಯಾಕೆ ಬದಲಿಸಬಾರದು? ರೊಟ್ಟಿ ಹೊರಗಿಂದ ತಂದರೆ ಏನಾಗುತ್ತದೆ? ಈ ಊರಲ್ಲಿ ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಅವರ ಕೈಯ ಖಡಕ್ ರೊಟ್ಟಿ ಒಂದು ಕಟ್ಟು ಮನೆಯಲ್ಲಿದ್ದರೆ ವಾರದ ಎಷ್ಟೋ ಸಂಜೆ ನಿಮ್ಮದಾಗುತ್ತದೆ. ಗಂಡಸರಿಗೂ ಒಂದು ಮಾತು. ನೀವು ಪಿಎಚ್‌ಡಿ ಮಾಡುವಾಗ ಮನೆಯವರು ಟಿವಿ ಸದ್ದು ಕಡಿಮೆ ಮಾಡಿ, ಚಹಾ ತಂದು ಮೇಜಿನ ಮೇಲಿಡುತ್ತಾರೆ. ಅದೇ ಚಹಾ ಅವರು ಓದುವಾಗ ನೀವು ಇಡಿ. (ಮುಂದಿನ ಸಾಲಿನವರು ನಗುತ್ತಿದ್ದೀರಿ. ನಗುವುದರ ಜೊತೆಗೆ ಚಹಾ ಮಾಡುವುದೂ ಶುರುವಾಗಲಿ.)

ನಮ್ಮ ಅತ್ತೆಯ ಮಾತು ಹೇಳಲೇಬೇಕು. ನನ್ನ ಪಿಎಚ್‌ಡಿ ವಿಷಯ ಈ ಭಾಗದ ತತ್ವಪದಗಳು, ಅಂದರೆ ಅನುಭಾವದ ಹಾಡುಗಳು. ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಹೇಬ, ಇವರು ಕಟ್ಟಿದ ಪದಗಳನ್ನು ಊರೂರಿನ ಭಜನಾ ಮೇಳಗಳಲ್ಲಿ ಕೇಳಿ ಬರೆದುಕೊಳ್ಳುವ ಕೆಲಸ. ಭಜನೆ ಅಂದರೆ ರಾತ್ರಿ. ಹೆಣ್ಣುಮಗಳು ರಾತ್ರಿ ಹೊತ್ತು ಒಬ್ಬಳೇ ಹೋಗುವುದು ಹೇಗೆ? ಅತ್ತೆ ಮೊದಲು "ಯಾಕ ಬೇಕವ್ವಾ ಇದು, ನೌಕರಿ ಅದ, ಪಗಾರ ಬರ್ತದ" ಅಂದರು. ಒಂದು ಅಮಾವಾಸ್ಯೆಗೆ, ನೀವೂ ಬನ್ನಿ ಅತ್ತಿ, ನಿಮ್ಮ ತವರಿನ ಕಡೆಯೇ ಇದೆ ಅಂದೆ. ಜೇವರ್ಗಿ ಕಡೆಯ ಹಳ್ಳಿ. ಬಂದರು. ಮಠದ ಕಟ್ಟೆ ಮೇಲೆ ಗೋಡೆಗೆ ಒರಗಿ ಕೂತರು. ಏಕತಾರಿ, ದಮ್ಮಡಿ ಶುರುವಾಯಿತು. ನಾನು ಬರೆಯುತ್ತಾ ಕೂತೆ. ಒಂದು ಪದ ಮುಗಿಯುತ್ತಿದ್ದ ಹಾಗೆ ಅತ್ತೆ ಅಲ್ಲಿಂದಲೇ, "ಏ ತಮ್ಮಾ, ಕಡೀ ನುಡಿ ಹಂಗಲ್ಲ, ನಮ್ಮೂರಾಗ ಬ್ಯಾರೆ ಅದ" ಅಂದುಬಿಟ್ಟರು. ಹಾಡುವವರು ನಿಲ್ಲಿಸಿದರು. ಹಾಡಿ ತೋರಿಸವ್ವಾ ಅಂದರು. ಅತ್ತೆ ಸೆರಗು ಸರಿಮಾಡಿಕೊಂಡು ಹಾಡಿದರು. ಕೊನೆಯ ನುಡಿಯಲ್ಲಿ ಪದ ಕಟ್ಟಿದವರನ್ನು ಸೂಚಿಸುವ ಅಂಕಿತವೇ ಬೇರೆ! ಒಂದೇ ಪದ, ಎರಡು ಊರಲ್ಲಿ ಇಬ್ಬರು ತತ್ವಪದಕಾರರ ಹೆಸರಿನಲ್ಲಿ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗ ಅವರು ದಿನಾ ಗುನುಗುತ್ತಿದ್ದ ಪದ ಅದು. ಅಕ್ಷರ ಓದಲು ಬಾರದ ಹೆಂಗಸು ನನಗೊಂದು ಅಧ್ಯಾಯ ಕೊಟ್ಟರು. ಊರಿಂದ ಊರಿಗೆ ಅಂಕಿತ ಹೇಗೆ ಬದಲಾಗುತ್ತದೆ ಎನ್ನುವುದೇ ಆ ಅಧ್ಯಾಯ. ಅದಾದ ಮೇಲೆ "ಮುಂದಿನ ಅಮಾಸಿಗೆ ಯಾವೂರಿಗೆ?" ಅಂತ ಅವರೇ ಕೇಳತೊಡಗಿದರು. ಮಗನಿಗೆ, "ಅಕಿ ಬರೀಲಿಕ್ಕತ್ಯಾಳ, ಕೂಸಿನ್ನ ನೀ ಹಿಡಿ" ಅನ್ನತೊಡಗಿದರು. ಏನು ಕೆಲಸ ನಡೆದಿದೆ ಅಂತ ಕಣ್ಣಾರೆ ನೋಡಿದ ಮೇಲೆ ಮನೆಯವರು ಹೊತ್ತು ಕೊಡುತ್ತಾರೆ. ಬಾಗಿಲು ಹಾಕಿಕೊಂಡು ಬರೆದರೆ ಅವರಿಗೆ ಕಾಣುವುದು ಹಾಕಿದ ಬಾಗಿಲು ಅಷ್ಟೇ, ಅಲ್ವಾ?

ಚೀಟಿ ಬಂತು, ಐದು ನಿಮಿಷವಂತೆ. ಸರಿ, ಬೇಗ ಹೇಳುತ್ತೇನೆ. ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ. ಹೆಣ್ಣುಮಕ್ಕಳಿಗೆ ಅದರ ಮೇಲೂ 2 ವರ್ಷದ ಸಡಿಲಿಕೆ ಇದೆ. ಹೆರಿಗೆ, ಮಕ್ಕಳ ಆರೈಕೆಗೆ ಒಟ್ಟು 240 ದಿನದವರೆಗೆ ರಜೆ ಕೊಡಬಹುದು. ಇದನ್ನು ಕೇಳಲು ಸಂಕೋಚ ಬೇಡ. ಮಗು ಆಯಿತು, ಪಿಎಚ್‌ಡಿ ಬಿಟ್ಟೆ ಅನ್ನುವ ಮಾತು ನಾನು ಇನ್ನು ಕೇಳಬಾರದು. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿ ಮುಂದೆ ಹೋಗಬೇಕಲ್ಲ, ಅದಕ್ಕೆ ಸಣ್ಣದಾದರೂ ಬರೆದದ್ದನ್ನೇ ಒಯ್ಯಿರಿ. ವಿಷಯ ಆರಿಸುವ ಮುಂಚೆ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣ ನೋಡಿ, ನಿಮ್ಮ ವಿಷಯದಲ್ಲೇ ಯಾರಾದರೂ ಪ್ರಬಂಧ ಸಲ್ಲಿಸಿರಬಹುದು. ಮಾರ್ಗದರ್ಶಕರ ಬಗ್ಗೆ ಹೇಳುವುದಿತ್ತು, ಊಟದ ಹೊತ್ತಿಗೆ ಕೇಳಿ, ಹೇಳುತ್ತೇನೆ.

ಎನ್‌ಒಸಿಯ ಒಂದು ಮಾದರಿ ಟೈಪ್ ಮಾಡಿಸಿ ತಂದಿದ್ದೇನೆ, ಆ ಮೂರು ಮಾತೂ ಅದರಲ್ಲಿವೆ. ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಒಂದೊಂದು ತಗೊಳ್ಳಿ. ಸೋಮವಾರ ಕಾಲೇಜಿಗೆ ಹೋದ ಕೂಡಲೇ ನಿಮ್ಮ ಫೈಲಿನಲ್ಲಿರುವುದರ ಜೊತೆ ಹೋಲಿಸಿ ನೋಡಿ. ಒಂದು ಮಾತು ಕಡಿಮೆ ಇದ್ದರೂ ಅವತ್ತೇ ಅರ್ಜಿ ಕೊಡಿ.