ಎಲ್ಲರಿಗೂ ಒಂದೇ ಕತ್ತರಿ ಅಂತೆ!

ನಮಸ್ಕಾರ, ರಾಯಚೂರಿನಿಂದ ಮಾತಾಡುತ್ತಿದ್ದೇನೆ. ಇವತ್ತು ಹತ್ತಿ ದರದ ಬಗ್ಗೆ ಹೇಳಬೇಕು ಅಂತ ಬರೆದಿಟ್ಟಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಯಾಕೆ ಅಂದ್ರೆ ಹೋದ ವಿಡಿಯೊ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ: "ದುಡ್ಡಿಲ್ಲ ಅಂದ್ರೆ ಎಲ್ಲಾ ಇಲಾಖೆಗೂ ಹತ್ತು ಪರ್ಸೆಂಟ್ ಕಟ್ ಮಾಡಿ. ಎಲ್ಲರಿಗೂ ಸಮಾನ, ಯಾರಿಗೂ ಅನ್ಯಾಯ ಇಲ್ಲ." ಅದಕ್ಕೆ ರಾಶಿ ಲೈಕ್ ಬೇರೆ.

ಸಮಾನ ಅಲ್ಲ ಸ್ವಾಮಿ. ಇದೊಂದು ಮಾತು ಹೇಳೋಕೆ ಕೂತಿದ್ದೇನೆ.

ಇಲಾಖೆಯ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ. ಕಾಯಂ ನೌಕರರ ಸಂಬಳ ಮುಟ್ಟುವಂತಿಲ್ಲ. ಪಿಂಚಣಿ ಮುಟ್ಟುವಂತಿಲ್ಲ. ಸರ್ಕಾರ ಮಾಡಿದ ಸಾಲದ ಬಡ್ಡಿ ಕಟ್ಟಲೇಬೇಕು. ಹಾಗಾದ್ರೆ ಹತ್ತು ಪರ್ಸೆಂಟ್ ಎಲ್ಲಿಂದ ತರುತ್ತಾರೆ? ಉಳಿದದ್ದರಿಂದ. ಉಳಿದದ್ದು ಅಂದ್ರೆ ಗುತ್ತಿಗೆ ಮೇಲಿರುವ ಡೇಟಾ ಎಂಟ್ರಿ ಹುಡುಗಿ, ಹಾಸ್ಟೆಲ್ ಅಡುಗೆಯವರು, ಅಂಗನವಾಡಿ, ಮಕ್ಕಳ ತಟ್ಟೆಯಲ್ಲಿರುವ ಕಾಯಿಪಲ್ಲೆ. ಮೇಲೆ ಹತ್ತು ಅಂದದ್ದು ಅಲ್ಲಿಗೆ ಬರುವ ಹೊತ್ತಿಗೆ ಹತ್ತಾಗಿ ಉಳಿದಿರುವುದಿಲ್ಲ.

ನಮ್ಮ ಚಿಗವ್ವ ಸಿಂಧನೂರು ಕಡೆಯ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಆಯಾ. ಹೋದ ತಿಂಗಳು ಅಲ್ಲಿಗೆ ಹೋಗಿದ್ದೆ. ಮೊಟ್ಟೆ ದುಡ್ಡು ಎರಡು ತಿಂಗಳಿಂದ ಬಂದಿರಲಿಲ್ಲ, ಟೀಚರ್ ತಮ್ಮ ಕೈಯಿಂದಲೇ ತಂದಿದ್ದರು. ಮಕ್ಕಳು ಇಪ್ಪತ್ತೇಳು, ಮೊಟ್ಟೆ ಹದಿನಾಲ್ಕು. ಚಿಗವ್ವ ಹೊಲಿಗೆ ನೂಲಿನ ಒಂದು ತುದಿ ಹಲ್ಲಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಸುಲಿದ ಮೊಟ್ಟೆಗೆ ಸುತ್ತಿ ಎಳೆಯುತ್ತಿದ್ದಳು. ಚಾಕುವಿನಿಂದ ಕೊಯ್ದರೆ ಒಳಗಿನ ಹಳದಿ ಪುಡಿಯಾಗಿ ಒಬ್ಬರಿಗೆ ಕಮ್ಮಿ ಆಗುತ್ತಂತೆ. ಒಬ್ಬ ಹುಡುಗ ತನ್ನ ಅರ್ಧವನ್ನು ಪಕ್ಕದವಳ ಅರ್ಧಕ್ಕೆ ಹಚ್ಚಿ ಅಳತೆ ನೋಡಿದ. "ಏನ್ ಮಾಡ್ಲಪಾ, ಎಲ್ಲಾರ ತಾಟಿಗೂ ಬರ್ಬೇಕಲ್ಲ" ಅಂದಳು ಚಿಗವ್ವ. ಅವಳ ಗೌರವಧನವೂ ಬಂದಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆದಿತ್ತು, ಸಂಘದ ಕಂತು ಮಾತ್ರ ವಾರ ತಪ್ಪದೆ ಕಟ್ಟಲೇಬೇಕು.

ಆಯಾಗಳ ಗೌರವಧನದಲ್ಲಿ ಕೇಂದ್ರ ಸರ್ಕಾರದ ಲೆಕ್ಕ 2018ರಲ್ಲಿ ತಿಂಗಳಿಗೆ 2,250 ರೂಪಾಯಿ ಅಂತ ಆಯ್ತು, ರಾಜ್ಯ ತನ್ನದು ಸೇರಿಸುತ್ತದೆ. ಮಗುವಿನ ಊಟಕ್ಕೆ 2017ರಲ್ಲಿ ನಿಗದಿ ಮಾಡಿದ್ದು ದಿನಕ್ಕೆ 8 ರೂಪಾಯಿ. ಈ ಎಂಟು ರೂಪಾಯಿಯಲ್ಲಿ ಹತ್ತು ಪರ್ಸೆಂಟ್ ಎಲ್ಲಿ ಕತ್ತರಿಸುತ್ತೀರಿ, ತೋರಿಸಿ!

ಅಮೆರಿಕದವರು ಇದನ್ನು ಮಾಡಿ ನೋಡಿದ್ದಾರೆ. 2011ರಲ್ಲಿ ಕಾನೂನು ತಂದರು. ಎರಡೂ ಪಕ್ಷ ಒಪ್ಪಂದಕ್ಕೆ ಬರದಿದ್ದರೆ ಖರ್ಚಿಗೆ ತನ್ನಷ್ಟಕ್ಕೆ ಕತ್ತರಿ ಬೀಳಬೇಕು ಅಂತ. ಒಪ್ಪಂದ ಆಗಲಿಲ್ಲ. 2013ರ ಮಾರ್ಚ್ 1ರಿಂದ ಬಿತ್ತು, ಸುಮಾರು 8,500 ಕೋಟಿ ಡಾಲರ್. ಅಲ್ಲಿ ಬಡವರ ಮಕ್ಕಳಿಗೆ ಹೆಡ್ ಸ್ಟಾರ್ಟ್ ಅಂತ ಇದೆ, ನಮ್ಮ ಅಂಗನವಾಡಿ ಥರ. ಸುಮಾರು 57,000 ಮಕ್ಕಳಿಗೆ ಅಲ್ಲಿ ಜಾಗ ಹೋಯಿತು. ಇಂಡಿಯಾನಾ ರಾಜ್ಯದ ಕೆಲವು ಕಡೆ ಯಾವ ಮಗು ಇರಬೇಕು, ಯಾವುದು ಹೋಗಬೇಕು ಅಂತ ಚೀಟಿ ಎತ್ತಿದರು. ಮಕ್ಕಳ ಮೇಲೆ ಚೀಟಿ! ಅದೇ ಏಪ್ರಿಲ್‌ನಲ್ಲಿ ವಿಮಾನ ಸಂಚಾರ ನಿಯಂತ್ರಿಸುವ ಸಿಬ್ಬಂದಿಗೆ ಸಂಬಳವಿಲ್ಲದ ರಜೆ ಕೊಟ್ಟರು, ವಿಮಾನ ತಡವಾದವು. ಒಂದೇ ವಾರದಲ್ಲಿ ಸಂಸತ್ತು ಕೂತು ದಾರಿ ಹುಡುಕಿತು. ವಿಮಾನ ಹತ್ತುವವರ ಕೂಗು ಕೇಳಿಸಿತು, ಆ ಮಕ್ಕಳದು ಕೇಳಿಸಲಿಲ್ಲ. ಇದೇನಾ ಸಮಾನ?

ಅಷ್ಟು ದೂರ ಯಾಕೆ? ನಮ್ಮಲ್ಲೇ 2014-15ರ ಕೇಂದ್ರ ಬಜೆಟ್‌ನಲ್ಲಿ ಅಂಗನವಾಡಿ ಯೋಜನೆಗೆ 18,000 ಕೋಟಿ ಮೇಲಿತ್ತು. ಮರುವರ್ಷ 8,000 ಕೋಟಿ ಚಿಲ್ಲರೆ. ರಾಜ್ಯಗಳ ತೆರಿಗೆ ಪಾಲು 32ರಿಂದ 42 ಪರ್ಸೆಂಟ್‌ಗೆ ಏರಿದೆ, ನೀವೇ ನೋಡಿಕೊಳ್ಳಿ ಅಂದರು. ಆಮೇಲೆ ಒಂದಿಷ್ಟು ಸೇರಿಸಿದರು. ಹಸಿದ ಮಗು ಆ "ಆಮೇಲೆ" ತನಕ ಕಾಯುತ್ತದಾ?

ಉದ್ಯೋಗ ಖಾತ್ರಿ ಕೆಲಸ 2006ರಲ್ಲಿ ಶುರುವಾದಾಗ ಮೊದಲ ಪಟ್ಟಿಯಲ್ಲೇ ನಮ್ಮ ರಾಯಚೂರು ಇತ್ತು. 2022-23ರಲ್ಲಿ ಅದರ ಪರಿಷ್ಕೃತ ಅಂದಾಜು, ಅಂದ್ರೆ ವರ್ಷದ ನಡುವೆ ತಿದ್ದಿದ ಲೆಕ್ಕ, 89,400 ಕೋಟಿ, ಮುಂದಿನ ವರ್ಷದ ಬಜೆಟ್‌ನಲ್ಲಿ ಇಟ್ಟದ್ದು 60,000 ಕೋಟಿ. ಸಾಲಲಿಲ್ಲ, ಮತ್ತೆ ಏರಿಸಬೇಕಾಯಿತು. ಕೂಲಿ ತಡ ಆದರೆ ದೇವದುರ್ಗ, ಲಿಂಗಸುಗೂರು ಜನ ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತಿಲ್ವಾ? ಬೆಂಗಳೂರು, ಪುಣೆಗೆ ಗುಳೆ. ಮುದುಕರು ಊರಲ್ಲಿ, ಮಕ್ಕಳು ಕಟ್ಟಡದ ಮರಳ ಮೇಲೆ.

ಈ ಚಾನೆಲ್‌ನಲ್ಲಿ ಗುಳೆ ಬಗ್ಗೆ ಮೂರು ವಿಡಿಯೊ ಇವೆ. ದಯವಿಟ್ಟು ನೋಡಿ, ಸಬ್‌ಸ್ಕ್ರೈಬ್ ಮಾಡಿ, ನಿಮ್ಮೂರ ಗುಂಪಿಗೂ ಕಳಿಸಿ. ಜಾಹೀರಾತು ತೆಗೆದುಕೊಳ್ಳದೆ ನಡೆಸುತ್ತಿದ್ದೇನೆ, ನೀವು ಹಂಚಿದರೇನೇ ನಾಲ್ಕು ಜನಕ್ಕೆ ಮುಟ್ಟುತ್ತದೆ.

ಈಗ ಕೇಳುತ್ತೀರಿ, "ದುಂದುವೆಚ್ಚ ಹಾಗೇ ಬಿಡಬೇಕಾ?" ಯಾರು ಹೇಳಿದರು ಬಿಡಿ ಅಂತ? ಹುಡುಕಿ ಕತ್ತರಿಸಿ. ಹುಡುಕಬೇಕು ಅಂದ್ರೆ ಫೈಲ್ ತೆರೆದು ಓದಬೇಕು, ಹಳ್ಳಿಗೆ ಹೋಗಿ ಕೂರಬೇಕು. ಎಲ್ಲದಕ್ಕೂ ಹತ್ತು ಪರ್ಸೆಂಟ್ ಅನ್ನೋಕೆ ಯಾವ ಫೈಲೂ ಓದಬೇಕಿಲ್ಲ.

"ದೇಶಕ್ಕಾಗಿ ಎಲ್ಲರೂ ಸ್ವಲ್ಪ ತ್ಯಾಗ ಮಾಡಬೇಕು" ಅಂತಲೂ ಒಬ್ಬರು ಬರೆದಿದ್ದಾರೆ. ಯಾರು ಎಲ್ಲರೂ? ಚಿಗವ್ವನ ಹತ್ರ ತ್ಯಾಗ ಮಾಡೋಕೆ ಏನಿದೆ? ಆ ನೂಲಾ? ಇಲ್ಲ, ಇದಕ್ಕೆ ನಾನು ಒಪ್ಪುವುದಿಲ್ಲ. ಸಾವಿರ ಸಲ ಬರೆದರೂ ಒಪ್ಪುವುದಿಲ್ಲ. ಸಮಾನ ಅಲ್ಲ ಅಂದ್ರೆ ಅಲ್ಲ!

ಕೊಪ್ಪಳ, ಬಳ್ಳಾರಿ, ರಾಯಚೂರಿನ ಅಂಗನವಾಡಿ ಟೀಚರ್‌ಗಳು, ಆಯಾಗಳು ಯಾರಾದರೂ ಇದನ್ನು ನೋಡುತ್ತಿದ್ದರೆ ಕೆಳಗೆ ಬರೆಯಿರಿ. ಈ ತಿಂಗಳು ಸಿಲಿಂಡರ್ ತಂದದ್ದು ಯಾರ ದುಡ್ಡಲ್ಲಿ? ಹೆಸರು ಹಾಕಬೇಡಿ, ಊರೂ ಬೇಡ, ಎಷ್ಟು ರೂಪಾಯಿ ಅಂತ ಮಾತ್ರ ಹಾಕಿ. ಭಾನುವಾರ ರಾತ್ರಿ ಎಂಟಕ್ಕೆ ಲೈವ್ ಬಂದು ಒಂದೊಂದಾಗಿ ಓದುತ್ತೇನೆ.