ಹೊಟ್ಟೆ ತುಂಬ್ತು ಅಂತ ಮೆದುಳಿಗೆ ಹೇಳೋರ್ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ. ನಮ್ಮ ಮಲೆನಾಡಿನ ಮದುವೆ ಮನೆಗಳಲ್ಲಿ ಸ್ವಲ್ಪ ದಪ್ಪಗಿರೋರು ಪಂಕ್ತಿಗೆ ಕೂತ್ರೆ ಸಾಕು, ಸುತ್ತ ಇರೋರೆಲ್ಲ ಡಾಕ್ಟ್ರೇ. ಬೇಡ ಬೇಡ ಅಂದ್ರೂ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿಯೋರೂ ಅವ್ರೇ, ಆಮೇಲೆ ಕೈ ತೊಳೆಯೋ ಹತ್ರ ನಿಂತು "ಬಾಯಿ ಕಟ್ಟೋಕಾಗಲ್ಲ ಪಾಪ" ಅನ್ನೋರೂ ಅವ್ರೇ. ಈ ಬಾಯಿ ಕಟ್ಟೋ ಮಾತಿನ ಬುಡವನ್ನೇ ಅಲ್ಲಾಡಿಸಿದ ಒಬ್ಬ ವಿಜ್ಞಾನಿ ಬಗ್ಗೆ ಇವತ್ತು ಹೇಳ್ತೀನಿ, ಹೆಸರು ಡಗ್ಲಾಸ್ ಕೋಲ್ಮನ್.

ಹುಟ್ಟಿದ್ದು 1931ರಲ್ಲಿ, ಕೆನಡಾದಲ್ಲಿ. ಬಯೋಕೆಮಿಸ್ಟ್ರಿಲಿ ಪಿಎಚ್‌ಡಿ ಮುಗಿಸ್ಕೊಂಡು 1958ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಲ್ಯಾಬೋರೇಟರಿಗೆ ಸೇರಿದ್ರು. ಒಂದೆರಡು ವರ್ಷ ಇದ್ದು ಹೋಗೋಣ ಅಂತ ಬಂದೋರು ರಿಟೈರ್ ಆಗೋ ತನಕ ಅಲ್ಲೇ ಉಳಿದ್ರು. ಸುತ್ತ ಕಾಡು, ಗುಡ್ಡ, ಪಕ್ಕದಲ್ಲೇ ಸಮುದ್ರ, ಅಂಥಾ ಜಾಗ ಬಿಟ್ಟು ಹೋಗೋಕೆ ಮನಸ್ಸು ಬರಲ್ಲ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಆ ಲ್ಯಾಬ್‌ನಲ್ಲಿ 1949ರಲ್ಲೇ ಒಂದು ದಢೂತಿ ಇಲಿ ಕಣ್ಣಿಗೆ ಬಿದ್ದಿತ್ತು. ತಿಂತಾನೇ ಇರೋದು, ಮಾಮೂಲಿ ಇಲಿಗಿಂತ ಎರಡು ಮೂರು ಪಟ್ಟು ತೂಕ. ಒಂದೇ ಒಂದು ಜೀನ್ ಕೆಟ್ಟು ಹಿಂಗಾಗಿದ್ದು, ಅದಕ್ಕೆ ಓಬಿ ಅಂತ ಹೆಸರಿಟ್ರು. 1965ರಲ್ಲಿ ಇನ್ನೊಂದು ಥರದ್ದು ಸಿಕ್ತು, ಇದೂ ದಪ್ಪ, ಮೇಲಿಂದ ಜೋರು ಶುಗರ್ರು. ಇದು ಡಿಬಿ.

ಕೋಲ್ಮನ್ ಏನ್ ಮಾಡಿದ್ರು ಅಂದ್ರೆ ಎರಡು ಇಲಿಗಳ ಪಕ್ಕೆ ಚರ್ಮ ಸೀಳಿ ಒಂದಕ್ಕೊಂದು ಸೇರಿಸಿ ಹೊಲಿದ್ರು. ಗಾಯ ಮಾಯ್ತಾ ಸಣ್ಣ ರಕ್ತನಾಳಗಳು ಕೂಡ್ಕೊಂಡು ಒಂದರ ರಕ್ತ ಇನ್ನೊಂದಕ್ಕೆ ಹರಿಯುತ್ತೆ. ಕೇಳೋಕೆ ಕ್ರೂರ, ಇಲ್ಲ ಅನ್ನಲ್ಲ. ಆರೋಗ್ಯವಾಗಿರೋ ಇಲಿನ ಡಿಬಿ ಇಲಿ ಜತೆ ಹೊಲಿದಾಗ ಡಿಬಿಗೆ ಏನೂ ಆಗ್ಲಿಲ್ಲ, ತಿಂದ್ಕೊಂಡು ಆರಾಮಾಗಿತ್ತು, ಸತ್ತಿದ್ದು ಆರೋಗ್ಯದ ಇಲಿ. ಮೂತಿ ಮುಂದೇನೇ ಆಹಾರ ಇದ್ರೂ ಮುಟ್ಟಿಲ್ಲ, ಕುಯ್ದು ನೋಡಿದ್ರೆ ಹೊಟ್ಟೆ ಖಾಲಿ! ಓಬಿ ಇಲಿನ ಡಿಬಿಗೆ ಕಟ್ಟಿದಾಗ್ಲೂ ಇದೇ ಕಥೆ, ಆ ತಿಂಡಿಪೋತ ಓಬಿ ಉಪವಾಸ ಬಿದ್ದು ಸತ್ತೋಯ್ತು. ಅದೇ ಓಬಿನ ಮಾಮೂಲಿ ಇಲಿಗೆ ಸೇರಿಸಿದ್ರೆ ತಿನ್ನೋದು ಕಮ್ಮಿ ಮಾಡ್ಕೊಂಡು ಬದುಕ್ತು.

ಇದರಿಂದ ಕೋಲ್ಮನ್ ಲೆಕ್ಕ ಹಾಕಿದ್ದು ಇಷ್ಟು: "ಸಾಕು, ನಿಲ್ಲಿಸು" ಅನ್ನೋ ಏನೋ ಒಂದು ವಸ್ತು ರಕ್ತದಲ್ಲಿದೆ. ಓಬಿ ಇಲಿಗೆ ಅದನ್ನ ತಯಾರಿಸೋಕೆ ಬರಲ್ಲ. ಡಿಬಿ ಇಲಿ ಬೇಕಾದಷ್ಟು ತಯಾರಿಸುತ್ತೆ, ಆದ್ರೆ ಗುಡ್ಡದ ಆಚೆಯಿಂದ ಎಷ್ಟು ಕೂಗಿದ್ರೂ ಓಗೊಡದ ಕಿವುಡನ ಥರ ಅದರ ಮೆದುಳಿಗೆ ಮಾತ್ರ ಕೇಳಿಸಲ್ಲ. 1969, 1973ರಲ್ಲಿ ಇದನ್ನ ಪ್ರಕಟಿಸಿದ್ರು, ಸುಮಾರು ಜನ ನಂಬಲಿಲ್ಲ, ಯಾಕಂದ್ರೆ ದಪ್ಪ ಆಗೋದು ನಡತೆ ದೋಷ ಅಂತಾನೇ ಎಲ್ಲರ ತಲೇಲಿ ಕೂತಿತ್ತು. ಆ ವಸ್ತು ಯಾವುದು ಅಂತ ಹಿಡಿಯೋಕೆ ಕೋಲ್ಮನ್ ಕೈಲೂ ಆಗ್ಲಿಲ್ಲ.

ಹಿಡಿದಿದ್ದು 1994ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲ್ಲರ್ ಯೂನಿವರ್ಸಿಟಿಯ ಜೆಫ್ರಿ ಫ್ರೀಡ್‌ಮನ್ ತಂಡ. ಅದೇ ಲೆಪ್ಟಿನ್ ಅನ್ನೋ ಹಾರ್ಮೋನು. ಮಜಾ ಏನಂದ್ರೆ ಅದನ್ನ ತಯಾರಿಸೋದು ನಾವೆಲ್ಲ ಬೈಕೊಳ್ಳೋ ಆ ಕೊಬ್ಬೇ! 1997ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿನಿಂದ್ಲೇ ಲೆಪ್ಟಿನ್ ಇಲ್ಲದ, ವಿಪರೀತ ದಪ್ಪಗಿದ್ದ ಇಬ್ಬರು ಮಕ್ಕಳು ಪತ್ತೆಯಾದ್ರು. ಅಂಥಾ ಮಗುಗೆ ಲೆಪ್ಟಿನ್ ಇಂಜೆಕ್ಷನ್ ಕೊಟ್ಟಾಗ ಹಸಿವು ಹದಕ್ಕೆ ಬಂತು, ತೂಕ ಇಳೀತು. ಆದ್ರೆ ಇಂಥಾ ಕೇಸು ತೀರಾ ಅಪರೂಪ. ಮಿಕ್ಕ ಹೆಚ್ಚಿನ ದಪ್ಪಗಿರೋರ ರಕ್ತದಲ್ಲಿ ಲೆಪ್ಟಿನ್ ಮೊದಲೇ ಜಾಸ್ತಿ ಇರುತ್ತೆ, ಮೆದುಳು ಅದಕ್ಕೆ ಸರಿಯಾಗಿ ಸ್ಪಂದಿಸಲ್ಲ, ಹಾಗಾಗಿ ಇಂಜೆಕ್ಷನ್ ಕೊಟ್ರೂ ಅಷ್ಟಕ್ಕಷ್ಟೆ.

ನಮಗೆ ಬೇಕಾದ ವಿಷ್ಯ ಇನ್ನೊಂದಿದೆ. ಡಯಟ್ ಮಾಡಿ ತೂಕ ಇಳಿಸಿದ್ರೆ ಕೊಬ್ಬು ಕರಗುತ್ತೆ, ಕೊಬ್ಬು ಕರಗಿದ್ರೆ ಲೆಪ್ಟಿನ್ ಬೀಳುತ್ತೆ, ಮೆದುಳು ಇದನ್ನ ಬರಗಾಲ ಬಂತು ಅಂತ ತಿಳ್ಕೊಂಡು ಹಸಿವು ಹೆಚ್ಚಿಸಿ ಮೈ ಖರ್ಚು ಮಾಡೋ ಶಕ್ತಿಗೂ ಕತ್ತರಿ ಹಾಕುತ್ತೆ. ತಿಂಗಳುಗಟ್ಟಲೆ ಅನ್ನ ಬಿಟ್ಟು, ತುಂಗೆ ದಂಡೇಲಿ ವಾಕಿಂಗ್ ಮಾಡಿ ಇಳಿಸಿದ ತೂಕ ಒಂದು ಮಳೆಗಾಲದಲ್ಲಿ ಬಿಸಿ ಕಡುಬು, ಹಲಸಿನ ಹಪ್ಪಳದ ಜತೆ ವಾಪಸ್ ಬಂದಿದ್ದನ್ನ ನಮ್ಮ ಮನೇಲೇ ನೋಡಿದೀನಿ, ಆ ಮನುಷ್ಯ ಸೋಮಾರಿ ಅಂತೂ ಅಲ್ಲ. ಹಾಗಂತ ಊಟ, ಓಡಾಟದ ಕಡೆ ಗಮನ ಬೇಡ ಅಂತ ನಾನು ಹೇಳ್ತಿಲ್ಲ, ಮತ್ತೆ ನನ್ನ ಮೇಲೆ ಹಾಕ್ಬೇಡಿ.

ಕೋಲ್ಮನ್ ಬೇಗನೇ ರಿಟೈರ್ ಆಗಿ ತಮ್ಮ ಕಾಡು ನೋಡ್ಕೊಂಡಿದ್ರು. 2010ರಲ್ಲಿ ಅವರಿಗೂ ಫ್ರೀಡ್‌ಮನ್‌ಗೂ ಜಂಟಿಯಾಗಿ ಲಾಸ್ಕರ್ ಅನ್ನೋ ದೊಡ್ಡ ವೈದ್ಯವಿಜ್ಞಾನ ಪ್ರಶಸ್ತಿ ಬಂತು, 2014ರಲ್ಲಿ ಕೋಲ್ಮನ್ ತೀರ್ಕೊಂಡ್ರು. ಈಗ ಎಲ್ಲರ ಬಾಯಲ್ಲಿರೋ ತೂಕ ಇಳಿಸೋ ಇಂಜೆಕ್ಷನ್ ಇದೆಯಲ್ಲ, ಅದು ಲೆಪ್ಟಿನ್ ಅಲ್ಲ, ಕರುಳಿಂದ ಬರೋ ಜಿಎಲ್‌ಪಿ-1 ಅನ್ನೋ ಬೇರೆ ಹಾರ್ಮೋನಿನ ಥರ ಕೆಲಸ ಮಾಡೋದು. ಅದರ ಕಥೆಗೆ ಇನ್ನೊಂದು ದಿನಾನೇ ಬೇಕು. ನಮಸ್ಕಾರ.